ತೀರ್ಪುಗಾರನೂ ತರಬೇತುದಾರನೂ

ಕಳೆದ ತಿಂಗಳು ನಮ್ಮ ತಮ್ಮನ ಮಗನು ಓದುತ್ತಿರುವ ಶಾಲೆಯ ಬಯಲಿನಲ್ಲಿ ಕಬಡ್ಡಿ ಪಂದ್ಯಗಳು ನಡೆದುವು. "ದೊಡ್ಡಪ್ಪಾ, ಈ ಸಲ ನೀವು ಬರಲೇಬೇಕು" ಎಂದು ಹುಡುಗನು ಹಲವು ದಿನಗಳಿಂದ ಹಟ ಹಿಡಿದಿದ್ದುದರಿಂದ, ನಾವು ಮನೆಮಂದಿಯೊಡನೆ ಹೋಗಿ ಹಗ್ಗ ಕಟ್ಟಿದ್ದ ಎಲ್ಲೆಯ ಹೊರಗೆ ಕುಳಿತೆವು. ಆಟವು ಕೊನೆಯ ನಿಮಿಷಕ್ಕೆ ಬಂದಿತ್ತು. ನಮ್ಮ ಹುಡುಗನ ತಂಡವು ಒಂದೇ ಒಂದು ಅಂಕದಿಂದ ಹಿಂದುಳಿದಿತ್ತು. ಹುಡುಗನು ಎದುರಾಳಿಗಳ ಅಂಗಣಕ್ಕೆ ದಾಳಿಗೆ ಹೋದನು. ಒಬ್ಬನನ್ನು ಮುಟ್ಟಿ ಹಿಂದಿರುಗುವಷ್ಟರಲ್ಲಿ ಮೂವರು ಅವನ ಕಾಲನ್ನೂ ನಡುವನ್ನೂ ಹಿಡಿದುಕೊಂಡರು. ಅವನು ಮಣ್ಣಿನಲ್ಲಿ ಬಿದ್ದು, ಕೈಚಾಚಿ, ನಡುಗೆರೆಯ ಕಡೆಗೆ ಹೊರಳಿದನು. ಧೂಳೆದ್ದಿತು, ಸೀಟಿ ಕೇಳಿಸಿತು. ಗೆರೆಯ ಬಳಿ ಬಗ್ಗಿ ನಿಂತಿದ್ದ ತೀರ್ಪುಗಾರನು ಕೈಯೆತ್ತಿ, ದಾಳಿಗಾರನು ಗೆರೆ ಮುಟ್ಟಲಿಲ್ಲವೆಂದೂ, ಆದುದರಿಂದ ಔಟೆಂದೂ ಸಾರಿದನು. ಆ ತೀರ್ಪುಗಾರನಾದರೋ ಕಾಲೇಜಿನಲ್ಲಿ ಓದುತ್ತಿರುವ, ಆಗತಾನೆ ಮೀಸೆ ಚಿಗುರಿದ ತರುಣ.

ಕೂಡಲೆ ನಮ್ಮ ತಂಡದ ವ್ಯಾಯಾಮದ ಮೇಷ್ಟರು ಅಂಗಣದೊಳಕ್ಕೆ ನುಗ್ಗಿದರು. "ನಿನಗೆ ವಯಸ್ಸೆಷ್ಟಯ್ಯ? ನೀನು ಹುಟ್ಟುವುದಕ್ಕೆ ಮುಂಚೆ ನಾನು ಕಬಡ್ಡಿ ಆಡಿದವನು. ಕೈ ಮುಟ್ಟಿದ್ದು ಇಡೀ ಊರಿಗೆ ಕಂಡಿತು, ನಿನಗೆ ಕಾಣಲಿಲ್ಲವೆ?" ಎಂದು ಗದರಿದರು. ಹಗ್ಗದ ಹೊರಗೆ ಕುಳಿತಿದ್ದ ಹಿರಿಯರೂ ದನಿಗೂಡಿಸಿದರು. ನಾಚಿಕೆಯ ಸಂಗತಿಯನ್ನು ಮುಚ್ಚಿಟ್ಟು ಫಲವಿಲ್ಲ: ನಾವೂ ಎದ್ದುನಿಂತು ಕೂಗಿದವರೇ. ನಾವು ಕುಳಿತಿದ್ದ ಸ್ಥಳಕ್ಕೂ ಆ ಗೆರೆಗೂ ನಡುವೆ ನಲವತ್ತು ಅಡಿಗಳಿದ್ದುವು. ಮೇಲಾಗಿ ಕನ್ನಡಕವು ಜೇಬಿನಲ್ಲಿತ್ತು.

ಆ ತರುಣನು ಮಾಡಿದ ಕೆಲಸವನ್ನು ವಾಚಕರು ಗಮನಿಸಬೇಕು. ಅವನು ಗಡಿಯಾರವನ್ನು ನಿಲ್ಲಿಸುವಂತೆ ಸನ್ನೆಮಾಡಿದನು. ಹುಡುಗರ ನಡುವೆ ನಿಂತು ವಾದಿಸದೆ, ಎರಡು ಹೆಜ್ಜೆ ಪಕ್ಕಕ್ಕೆ ಬಂದು ಮೇಷ್ಟರ ಮಾತನ್ನು ಮುಗಿಯುವವರೆಗೂ ಕೇಳಿದನು. ಅನಂತರ ದನಿಯೇರಿಸದೆ, "ಸಾರ್, ನಾನು ಗೆರೆಯ ಮೇಲೆಯೇ ಇದ್ದೆ. ಕೈ ಗೆರೆಗೆ ತಲಪಲಿಲ್ಲ. ನೀವು ನಿಮ್ಮ ಜಾಗಕ್ಕೆ ಹೋದರೆ ಆಟ ಮುಂದುವರಿಸುತ್ತೇನೆ" ಎಂದನು. ಮೇಷ್ಟರು ಕದಲಲಿಲ್ಲ. ಅವನು ಅದೇ ಮಾತನ್ನು ಮತ್ತೊಮ್ಮೆ ಹೇಳಿದನು. ಆಗಲೂ ಅವರು ಹೋಗದಿರಲು, ಜೇಬಿನಿಂದ ಹಸಿರು ಕಾರ್ಡನ್ನು ತೆಗೆದು ತೋರಿಸಿದನು. ಕಬಡ್ಡಿಯಲ್ಲಿ ಹಸಿರು ಎಂದರೆ ಎಚ್ಚರಿಕೆ. ಹಳದಿಗೆ ಎರಡು ನಿಮಿಷ ಹೊರಗಿರಬೇಕು. ಕೆಂಪಿಗೆ ಆಟದಿಂದಲೇ ಹೊರಗೆ. ಮೇಷ್ಟರು ಗೊಣಗುತ್ತ ಹಿಂದಿರುಗಿದರು. ಆಟವು ಮುಗಿಯಿತು. ನಮ್ಮವರು ಸೋತರು.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನಡೆದ ಒಂದು ಸಂಗತಿಯನ್ನು ಈ ಲೇಖನದ ಕೊನೆಯಲ್ಲಿ ನಿವೇದಿಸುವೆವು. ಅದಕ್ಕೆ ಮೊದಲು, ತೀರ್ಪು ಕೊಡುವವನಿಗೂ ತಂಡವನ್ನು ನಡೆಸುವವನಿಗೂ ಹುಟ್ಟುವ ಈ ಜಗಳವನ್ನು ಬಲ್ಲವರು ಹೇಗೆ ನಿಭಾಯಿಸಿದ್ದಾರೆ, ಬಲ್ಲವರೆನಿಸಿಕೊಂಡವರು ಹೇಗೆ ಕೆಡಿಸಿಕೊಂಡಿದ್ದಾರೆ ಎಂಬುದನ್ನು ವಿಚಾರಮಾಡೋಣ. ಇದು ಬರಿಯ ಆಟಗಾರರ ವಿಷಯವೆಂದು ಗೃಹಸ್ಥರು ಪುಟ ತಿರುವಬಾರದು. ಇಬ್ಬರು ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಹತ್ತು ಸಲ ತೀರ್ಪುಗಾರರಾಗದ ತಾಯಿತಂದೆಗಳು ಯಾರಿದ್ದಾರೆ?

ಮೊದಲು ತರಬೇತುದಾರನಿಗೆ ನ್ಯಾಯ ಸಲ್ಲಿಸೋಣ. ಅವನ ಕೋಪವೆಲ್ಲವೂ ದುಷ್ಟತನವಲ್ಲ. ಅವನು ವರ್ಷವೆಲ್ಲ ಬಿಸಿಲಿನಲ್ಲಿ ನಿಂತು ಹುಡುಗರನ್ನು ತಿದ್ದಿರುತ್ತಾನೆ. ಗೆದ್ದರೆ ಹೊಗಳಿಕೆಯು ಆಟಗಾರರ ಪಾಲು, ಸೋತರೆ ದೂರು ಇವನ ಪಾಲು. ದೊಡ್ಡ ಪಂದ್ಯಗಳಲ್ಲಿ ಅವನ ಜೀವನೋಪಾಯವೇ ಫಲಿತಾಂಶದ ಮೇಲೆ ನಿಂತಿರುತ್ತದೆ. ಅಲ್ಲದೆ ಅವನು ಅಂಗಣದ ಪಕ್ಕದಿಂದ ನೋಡುವವನು. ತೀರ್ಪುಗಾರನು ಹತ್ತಿರದಿಂದ ನೋಡುವವನು. ಒಂದೇ ಘಟನೆಯು ಇಬ್ಬರಿಗೆ ಎರಡು ವಿಧವಾಗಿ ಕಾಣುವುದು ಅಸಹಜವಲ್ಲ. ಇನ್ನು ಕುಣಿಯಲಾರದವಳು ನೆಲ ಡೊಂಕೆಂದಂತೆ, ತನ್ನ ತಂಡದ ಕುಂದನ್ನು ಮುಚ್ಚಲು ತೀರ್ಪುಗಾರನನ್ನು ದೂರುವವರೂ ಉಂಟು. ಮುಂದಿನ ತೀರ್ಪಾದರೂ ತಮ್ಮ ಕಡೆಗೆ ವಾಲಲಿ ಎಂಬ ಲೆಕ್ಕಾಚಾರದಿಂದ ಗದ್ದಲವೆಬ್ಬಿಸುವವರೂ ಉಂಟು. ಎದುರಿಗೆ ನಿಂತಿರುವವನು ಈ ಮೂವರಲ್ಲಿ ಯಾವನೆಂದು ತಿಳಿದುಕೊಳ್ಳುವುದೇ ತೀರ್ಪುಗಾರನ ಮೊದಲನೆಯ ಜಾಣತನ.

ಕೆಟ್ಟುಹೋದುದಕ್ಕೆ ಒಂದು ನಿದರ್ಶನವನ್ನು ಮೊದಲು ಹೇಳುವೆವು. ಕ್ರಿಕೆಟ್ಟಿನಲ್ಲಿ ತಂಡದ ನಡತೆಗೆ ಹೊಣೆಗಾರನು ನಾಯಕ; ಅಂಪೈರನೊಡನೆ ಮಾತನಾಡತಕ್ಕವನೂ ಅವನೇ. ೧೯೮೭ನೆಯ ಇಸವಿಯ ಡಿಸೆಂಬರ್ ತಿಂಗಳಿನಲ್ಲಿ ಪಾಕಿಸ್ತಾನದ ಫೈಸಲಾಬಾದಿನಲ್ಲಿ ನಡೆದ ಟೆಸ್ಟ್ ಪಂದ್ಯದ ಎರಡನೆಯ ದಿನದ ಸಂಜೆ, ಇಂಗ್ಲೆಂಡ್ ತಂಡದ ನಾಯಕ ಮೈಕ್ ಗ್ಯಾಟಿಂಗನು ತನ್ನ ಕ್ಷೇತ್ರರಕ್ಷಕನೊಬ್ಬನ ಸ್ಥಾನವನ್ನು ಬದಲಾಯಿಸುತ್ತಿದ್ದನು. ಇದು ಬ್ಯಾಟುದಾರನಿಗೆ ತಿಳಿಯದಂತೆ ಮಾಡಿದ ಮೋಸವೆಂದು ಅಂಪೈರ್ ಶಕೂರ್ ರಾಣಾ ಆಟವನ್ನು ತಡೆದನು. ಇಬ್ಬರೂ ಒಬ್ಬರ ಮುಖಕ್ಕೊಬ್ಬರು ಬೆರಳು ತೋರಿಸಿ ಬೈದಾಡಿದರು. ಆ ಚಿತ್ರವು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ನಾಯಕನು ಕ್ಷಮೆ ಬೇಡುವವರೆಗೂ ತಾನು ಅಂಗಣಕ್ಕೆ ಬರುವುದಿಲ್ಲವೆಂದು ಅಂಪೈರನು ಕುಳಿತುಬಿಟ್ಟನು. ಮೂರನೆಯ ದಿನದ ಆಟವು ಒಂದು ಚೆಂಡೂ ಎಸೆಯಲ್ಪಡದೆ ಹಾಳಾಯಿತು. ಕೊನೆಗೆ ಗ್ಯಾಟಿಂಗನು ಚೀಟಿಯ ಮೇಲೆ ಕ್ಷಮಾಪಣೆ ಬರೆದುಕೊಟ್ಟ ಮೇಲೆಯೇ ಆಟವು ಮುಂದುವರಿದುದು. ಪಂದ್ಯದಲ್ಲಿ ಯಾರೂ ಗೆಲ್ಲಲಿಲ್ಲ.

ನಾಯಕನ ನಡತೆಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ತೀರ್ಪುಗಾರನು ಬೈಗುಳಕ್ಕೆ ಬೈಗುಳವನ್ನೇ ಉತ್ತರವಾಗಿ ಕೊಟ್ಟ ಕ್ಷಣದಲ್ಲಿ ಅವನು ತೀರ್ಪುಗಾರನ ಪೀಠದಿಂದಿಳಿದು ಕಕ್ಷಿಗಾರರಲ್ಲಿ ಒಬ್ಬನಾದನು. ಆಮೇಲೆ ಆ ಜಗಳಕ್ಕೆ ತೀರ್ಪು ಕೊಡುವವರಾರು? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ? ಮುಂದೆ ೧೯೯೪ರಿಂದ ಪ್ರತಿ ಟೆಸ್ಟ್ ಪಂದ್ಯದಲ್ಲಿಯೂ ಬೇರೆ ದೇಶದ ಅಂಪೈರನೊಬ್ಬನು, ೨೦೦೨ರಿಂದ ಇಬ್ಬರೂ ಬೇರೆ ದೇಶದವರೇ, ನಿಲ್ಲುವ ಪದ್ಧತಿಯು ಬಂದಿತು. ತೀರ್ಪುಗಾರನು ನಿಷ್ಪಕ್ಷಪಾತಿಯಾಗಿದ್ದರೆ ಸಾಲದು, ಹಾಗೆ ಕಾಣಿಸಿಕೊಳ್ಳಲೂ ಬೇಕು ಎಂಬುದು ಅದರ ತಾತ್ಪರ್ಯ.

ಇನ್ನು ತರಬೇತುದಾರನು ಅಂಗಣದೊಳಕ್ಕೇ ಬಂದು ವಾದಿಸುವ ಆಟವೊಂದಿದೆ. ಅಮೆರಿಕದ ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ಬಂಧು. ಅಲ್ಲಿ ತಂಡದ ಮುಖ್ಯಸ್ಥನನ್ನು ಮ್ಯಾನೇಜರ್ ಎನ್ನುತ್ತಾರೆ. ಅವನು ಅಂಪೈರನ ಬಳಿಗೆ ಹೋಗಿ ಕೂಗಾಡುವುದು ಆ ಆಟದ ಹಳೆಯ ಸಂಪ್ರದಾಯ. ಬಾಲ್ಟಿಮೋರ್ ತಂಡವನ್ನು ಹಲವು ವರ್ಷ ನಡೆಸಿದ ಅರ್ಲ್ ವೀವರ್ ಎಂಬಾತನನ್ನು ಅಂಪೈರುಗಳು ತೊಂಬತ್ತಕ್ಕೂ ಹೆಚ್ಚು ಸಲ ಪಂದ್ಯದಿಂದ ಹೊರಗಟ್ಟಿದರು. ಅಟ್ಲಾಂಟಾ ತಂಡದ ಬಾಬಿ ಕಾಕ್ಸನನ್ನು ಹೊರಗಟ್ಟಿದುದು ನೂರೈವತ್ತಕ್ಕೂ ಹೆಚ್ಚು ಸಲ. ವೀವರನಂತೂ ಅಂಪೈರನ ಮೂಗಿಗೆ ಮೂಗು ತಾಗುವಂತೆ ನಿಂತು ಕೂಗುವಾಗ, ತನ್ನ ಟೋಪಿಯ ಅಂಚು ಅವನನ್ನು ತಾಕಿ ಅಪರಾಧವಾಗದಿರಲೆಂದು ಟೋಪಿಯನ್ನು ಹಿಂದುಮುಂದಾಗಿ ತಿರುಗಿಸಿಕೊಳ್ಳುತ್ತಿದ್ದನಂತೆ. ಕೋಪದಲ್ಲಿಯೂ ಎಲ್ಲೆಯನ್ನು ಮರೆಯದ ಕೋಪವದು!

ಇಂತಹವರ ನಡುವೆ ಬದುಕಬೇಕಾದ ಆ ಆಟದ ನಿಯಮಗಳು ಒಂದು ಸೂಕ್ಷ್ಮವಾದ ಭೇದವನ್ನು ಮಾಡಿವೆ. ಕಣ್ಣಿನಿಂದ ಕಂಡು ಹೇಳುವ ತೀರ್ಪು ಒಂದು. ನಿಯಮವನ್ನು ಅರ್ಥಮಾಡಿ ಹೇಳುವ ತೀರ್ಪು ಇನ್ನೊಂದು. ಚೆಂಡು ಸರಿಯಾದ ಎತ್ತರದಲ್ಲಿ ಬಂದಿತೇ, ಓಟಗಾರನು ಮುಂಚೆ ತಲಪಿದನೇ ಎಂಬುದರ ಮೇಲೆ ವಾದಿಸಲು ಮ್ಯಾನೇಜರನಿಗೆ ಅಧಿಕಾರವಿಲ್ಲ. ಆದರೆ ತೀರ್ಪು ನಿಯಮಕ್ಕೆ ವಿರುದ್ಧವಾಗಿದೆಯೆಂದು ಸಂದೇಹವಿದ್ದರೆ ಅವನು ಬಂದು ಕೇಳಬಹುದು. ಅದನ್ನೂ ಆ ತೀರ್ಪು ಕೊಟ್ಟ ಅಂಪೈರನನ್ನೇ ಕೇಳಬೇಕು, ಬೇರೊಬ್ಬನನ್ನಲ್ಲ. ಒಬ್ಬ ಅಂಪೈರನ ತೀರ್ಪನ್ನು ಮತ್ತೊಬ್ಬ ಅಂಪೈರನು ತಾನಾಗಿ ಟೀಕಿಸುವಂತೆಯೂ ಇಲ್ಲ. ಮನೆಯಲ್ಲಿ ಅಪ್ಪ ಬೇಡವೆಂದುದನ್ನು ಅಮ್ಮನ ಬಳಿ, ಅಮ್ಮ ಬೇಡವೆಂದುದನ್ನು ಅಜ್ಜಿಯ ಬಳಿ ಗಿಟ್ಟಿಸಿಕೊಳ್ಳುವ ಮಕ್ಕಳನ್ನು ಬಲ್ಲ ನಮ್ಮ ಗೃಹಿಣಿಯರು ಈ ನಿಯಮದ ಬೆಲೆಯನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಪಳಗಿದ ತೀರ್ಪುಗಾರರ ರೀತಿಯು ಎಲ್ಲ ಆಟಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಆಟಕ್ಕೆ ಮುಂಚೆಯೇ ಎರಡು ತಂಡಗಳ ಮುಖ್ಯಸ್ಥರನ್ನೂ ಕಂಡು, ಕೈಕುಲುಕಿ, ಯಾರು ಯಾರೊಡನೆ ಮಾತನಾಡತಕ್ಕದ್ದೆಂದು ಗೊತ್ತುಮಾಡಿಕೊಳ್ಳುವರು. ಜಗಳವೆದ್ದಾಗ ಎದುರುಬದುರಾಗಿ ನಿಲ್ಲದೆ ಪಕ್ಕಕ್ಕೆ ನಿಂತು ಕೇಳುವರು. ಎದುರು ನಿಂತರೆ ಕಾದಾಟದ ಭಂಗಿ, ಪಕ್ಕದಲ್ಲಿ ನಿಂತರೆ ಮಾತುಕತೆಯ ಭಂಗಿ. ಮಾತನ್ನು ನಡುವೆ ಕತ್ತರಿಸುವುದಿಲ್ಲ. ಪೂರ್ತಿಯಾಗಿ ಉಸಿರು ಬಿಟ್ಟವನಿಗೆ ಅರ್ಧ ಕೋಪವು ಇಳಿದಿರುತ್ತದೆ. ಅವನ ದನಿ ಏರಿದಷ್ಟೂ ತಮ್ಮ ದನಿಯನ್ನು ಇಳಿಸುವರು. ಉತ್ತರವು ಎರಡು ವಾಕ್ಯಗಳಿಗೆ ಮೀರುವುದಿಲ್ಲ: ಕಂಡದ್ದೇನು, ನಿಯಮವೇನು. ಮೂರನೆಯ ವಾಕ್ಯವು ವಾದಕ್ಕೆ ಬಾಗಿಲು ತೆರೆಯುತ್ತದೆ. ತೀರ್ಪನ್ನು ಬೈದರೆ ಕೇಳಿಸಿಕೊಳ್ಳುವರು. ತಮ್ಮ ಪ್ರಾಮಾಣಿಕತೆಯನ್ನು ಬೈದರೆ ಅಲ್ಲಿಗೆ ನಿಲ್ಲಿಸುವರು.

ಇಷ್ಟಾದರೂ ಕೇಳದವನಿಗೆ ದಂಡನೆ ಬೇಕು. ಆ ದಂಡನೆಯು ತೀರ್ಪುಗಾರನ ಸಿಟ್ಟಿನಿಂದ ಹುಟ್ಟಿದುದಾಗಿರಬಾರದು. ಎಲ್ಲರಿಗೂ ಮೊದಲೇ ಗೊತ್ತಿರುವ ಮೆಟ್ಟಿಲುಗಳಾಗಿರಬೇಕು. ಫುಟ್‌ಬಾಲಿನ ಹಳದಿ, ಕೆಂಪು ಕಾರ್ಡುಗಳ ಜನ್ಮವೃತ್ತಾಂತವು ಇಲ್ಲಿ ಸ್ಮರಣೀಯ. ೧೯೬೬ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್ ಪಂದ್ಯಗಳು ನಡೆದಾಗ ಇಂಗ್ಲೆಂಡಿಗೂ ಅರ್ಜೆಂಟೀನಕ್ಕೂ ಬಿದ್ದ ಪಂದ್ಯದಲ್ಲಿ, ಜರ್ಮನಿಯ ರೆಫರಿ ರುಡಾಲ್ಫ್ ಕ್ರೈಟ್ಲೈನನು ಅರ್ಜೆಂಟೀನದ ನಾಯಕ ಆಂಟೋನಿಯೊ ರಾಟಿನ್‌ನನ್ನು ಹೊರಗೆ ಹೋಗೆಂದನು. ಇವನ ಭಾಷೆ ಅವನಿಗೆ ತಿಳಿಯದು, ಅವನ ಭಾಷೆ ಇವನಿಗೆ ತಿಳಿಯದು. ನಾಯಕನು ಹೋಗಲೊಲ್ಲನು, ಆಟವು ಬಹಳ ಹೊತ್ತು ನಿಂತಿತು. ರೆಫರಿಗಳ ಮೇಲ್ವಿಚಾರಕನಾಗಿದ್ದ ಕೆನ್ ಆಸ್ಟನ್ ಎಂಬ ಶಾಲಾ ಉಪಾಧ್ಯಾಯನು ಅಂಗಣಕ್ಕಿಳಿದು ಸಮಾಧಾನಪಡಿಸಬೇಕಾಯಿತು. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಇಬ್ಬರು ಆಟಗಾರರಿಗೆ ರೆಫರಿಯು ಎಚ್ಚರಿಕೆ ಕೊಟ್ಟಿದ್ದನೇ ಇಲ್ಲವೇ ಎಂಬುದು ಅವರಿಗೂ ಅವರ ತರಬೇತುದಾರನಿಗೂ ಮರುದಿನದವರೆಗೆ ಖಚಿತವಾಗಿ ಗೊತ್ತಿರಲಿಲ್ಲ.

ಈ ವಿಷಯವನ್ನೇ ಚಿಂತಿಸುತ್ತ ಆಸ್ಟನ್ ಲಂಡನ್ನಿನ ಬೀದಿಯಲ್ಲಿ ಕಾರು ಓಡಿಸುತ್ತಿದ್ದಾಗ, ವಾಹನಗಳನ್ನು ತಡೆಯುವ ದೀಪವು ಹಳದಿಯಾಗಿ ಅನಂತರ ಕೆಂಪಾಯಿತು. ಹಳದಿಯೆಂದರೆ ಜಾಗ್ರತೆ, ಕೆಂಪೆಂದರೆ ನಿಲ್ಲು. ಭಾಷೆ ಬೇಡ, ಬೈಗುಳ ಬೇಡ, ವಾದ ಬೇಡ! ೧೯೭೦ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಈ ಕಾರ್ಡುಗಳು ಬಳಕೆಗೆ ಬಂದುವು. ಬಹುಕಾಲ ಅವು ಆಟಗಾರರಿಗೆ ಮಾತ್ರ ಮೀಸಲಾಗಿದ್ದು, ೨೦೧೯ರ ಜೂನಿನಿಂದ ಅಂಗಣದ ಪಕ್ಕದಲ್ಲಿ ಕುಳಿತಿರುವ ತರಬೇತುದಾರರಿಗೂ ತೋರಿಸಬಹುದೆಂದು ನಿಯಮವಾಯಿತು. ಅದರಲ್ಲಿ ಒಂದು ಉಪನಿಯಮವು ನಮಗೆ ಬಹಳ ಹಿಡಿಸಿತು: ಪಕ್ಕದ ಬೆಂಚಿನಿಂದ ಯಾರು ಬೈದರೆಂದು ಗೊತ್ತಾಗದಿದ್ದಲ್ಲಿ ಕಾರ್ಡು ಅಲ್ಲಿರುವ ಹಿರಿಯ ತರಬೇತುದಾರನಿಗೇ ಸಲ್ಲತಕ್ಕದ್ದು. ಮನೆಯವರ ಮಾತಿಗೆ ಯಜಮಾನನೇ ಹೊಣೆ ಎಂಬ ನಮ್ಮ ಹಿಂದಿನವರ ನ್ಯಾಯವೂ ಇದೇ ಅಲ್ಲವೆ? ೨೦೨೪ರಲ್ಲಿ ಜರ್ಮನಿಯಲ್ಲಿ ನಡೆದ ಯೂರೋಪಿನ ಪಂದ್ಯಾವಳಿಯಲ್ಲಿ, ತೀರ್ಪಿನ ವಿಷಯವಾಗಿ ರೆಫರಿಯ ಬಳಿಗೆ ನಾಯಕನೊಬ್ಬನೇ ಬರತಕ್ಕದ್ದೆಂದೂ, ಬಂದ ನಾಯಕನಿಗೆ ರೆಫರಿಯು ಕಾರಣವನ್ನು ತಿಳಿಸುವನೆಂದೂ ಗೊತ್ತುಮಾಡಿದರು. ಬಾಯಿ ಹತ್ತನ್ನು ಮುಚ್ಚಿಸಬೇಕಾದರೆ ಒಂದು ಬಾಯಿಗಾದರೂ ಉತ್ತರ ಕೊಡಬೇಕೆಂಬುದು ಇದರ ನೀತಿ.

ನಮ್ಮ ದೇಶದಲ್ಲಿಯೇ ನಡೆದ ಒಂದು ಪ್ರಸಂಗವು ಅನೇಕ ವಾಚಕರ ನೆನಪಿನಲ್ಲಿರಬಹುದು. ೨೦೨೨ನೆಯ ಏಪ್ರಿಲ್ ೨೨ರಂದು ಮುಂಬಯಿಯ ವಾಂಖೆಡೆ ಅಂಗಣದಲ್ಲಿ ಐಪಿಎಲ್ ಪಂದ್ಯ. ರಾಜಸ್ಥಾನದವರ ವಿರುದ್ಧ ಡೆಲ್ಲಿಯವರು ಗೆಲ್ಲಲು ಕೊನೆಯ ಓವರಿನಲ್ಲಿ ೩೬ ರನ್ನುಗಳು ಬೇಕಾಗಿದ್ದುವು. ರೋವ್ಮನ್ ಪೊವೆಲ್ ಮೊದಲ ಮೂರು ಚೆಂಡುಗಳನ್ನೂ ಸಿಕ್ಸರಿಗೆ ಎತ್ತಿದನು. ಮೂರನೆಯ ಚೆಂಡು ಸೊಂಟಕ್ಕಿಂತ ಎತ್ತರವಾಗಿ ಬಂದಿತೆಂದೂ, ಅದು ನೋಬಾಲೆಂದೂ ಡೆಲ್ಲಿಯವರ ವಾದ. ಅಂಪೈರುಗಳು ಒಪ್ಪಲಿಲ್ಲ. ನಾಯಕ ರಿಷಭ್ ಪಂತನು ಹೊರಗಿನಿಂದಲೇ ತನ್ನ ಬ್ಯಾಟುದಾರರನ್ನು ಹಿಂದಿರುಗಿ ಬರುವಂತೆ ಸನ್ನೆಮಾಡಿದನು. ಸಹಾಯಕ ತರಬೇತುದಾರ ಪ್ರವೀಣ್ ಆಮ್ರೆಯನ್ನು ಅಂಗಣದೊಳಕ್ಕೇ ಕಳುಹಿಸಿದನು. ಅಂಪೈರುಗಳು ಆಮ್ರೆಯನ್ನು ಹಿಂದಕ್ಕೆ ಕಳುಹಿಸಿ, ತೀರ್ಪನ್ನು ಬದಲಾಯಿಸದೆ ಆಟವನ್ನು ಮುಂದುವರಿಸಿದರು. ಡೆಲ್ಲಿಯು ೧೫ ರನ್ನುಗಳಿಂದ ಸೋತಿತು. ಪಂತನಿಗೂ ಆಮ್ರೆಗೂ ಪಂದ್ಯದ ಸಂಭಾವನೆಯೆಲ್ಲವೂ ದಂಡವಾಯಿತು. ಆಮ್ರೆಗೆ ಒಂದು ಪಂದ್ಯದ ನಿಷೇಧವೂ ಆಯಿತು. ಅದೇ ತಂಡದ ಇನ್ನೊಬ್ಬ ಸಹಾಯಕ ತರಬೇತುದಾರ ಶೇನ್ ವಾಟ್ಸನನು, ತೀರ್ಪು ಸರಿಯಾಗಿರಲಿ ತಪ್ಪಾಗಿರಲಿ ಅದನ್ನು ಒಪ್ಪಿಕೊಳ್ಳಬೇಕಾಗಿತ್ತೆಂದು ಅಂದೇ ಬಹಿರಂಗವಾಗಿ ಹೇಳಿದನು.

ಇಲ್ಲಿ ಎರಡು ಮಾತುಗಳನ್ನು ಬೇರೆಬೇರೆಯಾಗಿ ನೋಡಬೇಕು. ಡೆಲ್ಲಿಯವರ ದೂರಿನಲ್ಲಿ ಹುರುಳೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅಂತಹ ಚೆಂಡನ್ನು ಚಿತ್ರದಲ್ಲಿ ಮರಳಿ ಪರೀಕ್ಷಿಸಿರೆಂದು ಕೇಳಲು ಆಟಗಾರರಿಗೆ ಅಂದಿನ ನಿಯಮಗಳಲ್ಲಿ ದಾರಿಯಿರಲಿಲ್ಲ. ಮರುವರ್ಷ, ಎಂದರೆ ೨೦೨೩ರಲ್ಲಿ, ವೈಡ್ ಮತ್ತು ನೋಬಾಲುಗಳ ವಿಷಯದಲ್ಲಿಯೂ ಮರುಪರೀಕ್ಷೆಯನ್ನು ಕೇಳುವ ಅವಕಾಶವನ್ನು ಐಪಿಎಲ್‌ನಲ್ಲಿ ಕಲ್ಪಿಸಿದರು. ನಿಯಮವನ್ನು ತಿದ್ದುವ ಸ್ಥಳವು ಸಭೆಯ ಮೇಜು, ಆಟದ ಅಂಗಣವಲ್ಲ. ಅಂಗಣದಲ್ಲಿ ಕೂಗಿದವನಿಗೆ ದಂಡ ಬಿದ್ದಿತು, ಅವನ ದೂರಿನಲ್ಲಿದ್ದ ನ್ಯಾಯದ ಅಂಶಕ್ಕೆ ಕಾಲಕ್ರಮದಲ್ಲಿ ನಿಯಮವೂ ಬಂದಿತು. ಎರಡೂ ಯುಕ್ತವೇ.

ಹಾಗಾದರೆ ತೀರ್ಪುಗಾರನೇ ನಿಜವಾಗಿ ತಪ್ಪಿದಾಗ ಗತಿಯೇನು? ಇದೇ ಈ ವಿಷಯದ ಅತ್ಯಂತ ಕಠಿನವಾದ ಗಂಟು. ಇದನ್ನು ಬಿಡಿಸಿ ತೋರಿಸಿದ ಘಟನೆಯೊಂದು ೨೦೧೦ನೆಯ ಜೂನ್ ೨ರಂದು ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನಡೆಯಿತು. ಬೇಸ್‌ಬಾಲಿನಲ್ಲಿ ಪ್ರತಿ ತಂಡಕ್ಕೂ ೨೭ ಔಟುಗಳು. ಎದುರಾಳಿಗಳಲ್ಲಿ ಒಬ್ಬನೂ ಮೊದಲನೆಯ ಠಾಣೆಯನ್ನು ಸಹ ತಲಪದಂತೆ ಆ ಇಪ್ಪತ್ತೇಳನ್ನೂ ಸಾಲಾಗಿ ಔಟುಮಾಡಿದ ಎಸೆತಗಾರನ ಆಟಕ್ಕೆ ಪರಿಪೂರ್ಣ ಪಂದ್ಯವೆಂದು ಹೆಸರು. ಆ ದೇಶದ ಅಗ್ರಶ್ರೇಣಿಯ ಆಟದಲ್ಲಿ ನೂರಾರು ಸಾವಿರ ಪಂದ್ಯಗಳು ಕಳೆದಿದ್ದರೂ ಅಂದಿನವರೆಗೆ ಇಂತಹವು ೨೦ ಮಾತ್ರ. ಡೆಟ್ರಾಯಿಟ್ ತಂಡದ ಆರ್ಮಾಂಡೊ ಗಲರ‍್ರಾಗ ಎಂಬ ತರುಣನು ೨೬ ಜನರನ್ನು ಔಟುಮಾಡಿ ಮುಗಿಸಿದ್ದನು. ಇಪ್ಪತ್ತೇಳನೆಯವನು ಹೊಡೆದ ಚೆಂಡು ಠಾಣೆಗೆ ಬಂದಿತು. ಓಟಗಾರನು ಒಂದು ಹೆಜ್ಜೆ ಹಿಂದೆ ಇದ್ದನು. ಎಲ್ಲರೂ ಕೈಯೆತ್ತಿ ಕುಣಿಯಲು ಸಿದ್ಧರಾದರು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅನುಭವವಿದ್ದ ಅಂಪೈರ್ ಜಿಮ್ ಜಾಯ್ಸನು ಎರಡು ಕೈಗಳನ್ನೂ ಚಾಚಿ, ಓಟಗಾರನು ಔಟಲ್ಲವೆಂದು ಸಾರಿದನು.

ಗಲರ‍್ರಾಗನು ಒಂದು ಮಾತನ್ನೂ ಆಡಲಿಲ್ಲ. ನಸುನಕ್ಕು ಹಿಂದಿರುಗಿ ಮುಂದಿನ ಚೆಂಡನ್ನು ಎಸೆಯಲು ಹೋದನು. ಆದರೆ ತಂಡದ ಮ್ಯಾನೇಜರ್ ಜಿಮ್ ಲೇಲ್ಯಾಂಡನು ಅಂಗಣಕ್ಕೆ ಬಂದು ವಾದಿಸಿದನು. ಪಂದ್ಯ ಮುಗಿದ ಮೇಲೆ ಅವನೂ ಆಟಗಾರರೂ ಜಾಯ್ಸನನ್ನು ಮತ್ತೆ ತರಾಟೆಗೆ ತೆಗೆದುಕೊಂಡರು. ಜಾಯ್ಸನು ಅದೆಲ್ಲವನ್ನೂ ಕೇಳಿಸಿಕೊಂಡು, ಒಳಗೆ ಹೋಗಿ ಚಿತ್ರವನ್ನು ನೋಡಿದನು. ತಪ್ಪು ತನ್ನದೆಂದು ಕಂಡಿತು. ಅವನು ನೆಪ ಹುಡುಕಲಿಲ್ಲ. ಪತ್ರಿಕೆಯವರ ಮುಂದೆ ತಪ್ಪೊಪ್ಪಿಕೊಂಡು, ಗಲರ‍್ರಾಗನನ್ನು ಕಂಡು ಕಣ್ಣೀರಿನೊಡನೆ ಕ್ಷಮೆ ಬೇಡಿದನು. ಆ ತರುಣನು ಅವನನ್ನು ಅಪ್ಪಿಕೊಂಡನು.

ಮರುದಿನವೂ ಅದೇ ತಂಡಗಳ ಪಂದ್ಯ. ಜಾಯ್ಸನೇ ಮುಖ್ಯ ಅಂಪೈರನಾಗಿ ನಿಲ್ಲಬೇಕಾದ ಸರದಿ. ಬೇಕಾದರೆ ಬಿಡುವು ತೆಗೆದುಕೊಳ್ಳಬಹುದಾಗಿದ್ದರೂ ಅವನು ಬಂದು ನಿಂತನು. ಆಟಗಾರರ ಪಟ್ಟಿಯನ್ನು ಅಂಪೈರನ ಕೈಗೆ ತಂದುಕೊಡುವುದು ಸಾಮಾನ್ಯವಾಗಿ ಮ್ಯಾನೇಜರನ ಕೆಲಸ. ಹಿಂದಿನ ಸಂಜೆ ಕೂಗಾಡಿದ್ದ ಲೇಲ್ಯಾಂಡನು ಅಂದು ಆ ಪಟ್ಟಿಯನ್ನು ಗಲರ‍್ರಾಗನ ಕೈಯಲ್ಲಿ ಕೊಟ್ಟು ಕಳುಹಿಸಿದನು. ಸಾವಿರಾರು ಜನರ ಮುಂದೆ, ಅನ್ಯಾಯಕ್ಕೊಳಗಾದವನು ಅನ್ಯಾಯಮಾಡಿದವನಿಗೆ ಪಟ್ಟಿಯನ್ನು ಕೊಟ್ಟನು. ಅಂಪೈರನು ಕಣ್ಣೊರಸಿಕೊಂಡು ಅವನ ಭುಜವನ್ನು ತಟ್ಟಿದನು. ವಾದವು ಮುಗಿಯಿತು, ಆಟವು ಆರಂಭವಾಯಿತು. ಜಗಳವಾಡುವುದು ಹೇಗೆಂದು ಬಲ್ಲ ತರಬೇತುದಾರರು ಬಹುಮಂದಿ. ಜಗಳವನ್ನು ಮುಗಿಸುವುದು ಹೇಗೆಂದು ಬಲ್ಲವನು ಲೇಲ್ಯಾಂಡ್.

ಆದರೂ ಗಮನಿಸಿರಿ: ಫಲಿತಾಂಶವು ಬದಲಾಗಲಿಲ್ಲ. ಅಂದಿನ ಆಟವು ಇಂದಿಗೂ ಪರಿಪೂರ್ಣ ಪಂದ್ಯಗಳ ಪಟ್ಟಿಯಲ್ಲಿಲ್ಲ. ಜಾಯ್ಸನು ಮುಂದಿನ ಪಂದ್ಯದಲ್ಲಿ ಡೆಟ್ರಾಯಿಟ್‌ನವರಿಗೆ ಒಂದೆರಡು ತೀರ್ಪುಗಳನ್ನು ವಾಲಿಸಿಕೊಟ್ಟು ಋಣ ತೀರಿಸಲಿಲ್ಲ. ತಪ್ಪಿಗೆ ಇನ್ನೊಂದು ತಪ್ಪು ಪರಿಹಾರವಾಗಲಾರದು; ಹಾಗೆ ತೀರಿಸಹೊರಟ ತೀರ್ಪುಗಾರನು ಎರಡು ತಂಡಗಳಿಗೂ ಒಂದೊಂದು ಅನ್ಯಾಯಮಾಡಿದಂತಾಗುತ್ತದೆ. ೨೦೧೪ರಿಂದ, ಇಂತಹ ತೀರ್ಪುಗಳನ್ನು ಚಿತ್ರದಲ್ಲಿ ಮರಳಿ ನೋಡಬೇಕೆಂದು ಮ್ಯಾನೇಜರನು ಕೇಳುವ ಹಕ್ಕು ಆ ಆಟದಲ್ಲಿ ಬಂದಿತು.

ಕನ್ನಡನಾಡಿನವರು ಹೆಮ್ಮೆಯಿಂದ ನೆನೆಯಬಹುದಾದ ಒಂದು ಸಂಗತಿಯೂ ಇಲ್ಲಿಗೆ ಸಲ್ಲುತ್ತದೆ. ತಂಡದ ಮುಂದಾಳು ಅಂಪೈರನ ಬಳಿಗೆ ಹೋಗುವುದು ಯಾವಾಗಲೂ ತನ್ನ ಲಾಭಕ್ಕಾಗಿಯೇ ಎಂದೇನೂ ಇಲ್ಲ. ೧೯೮೦ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ನಡೆದ ಸುವರ್ಣಮಹೋತ್ಸವದ ಟೆಸ್ಟಿನಲ್ಲಿ ಭಾರತದ ನಾಯಕನಾಗಿದ್ದವರು ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ಟುಗಳು ಅಗ್ಗವಾಗಿ ಬಿದ್ದಿದ್ದುವು. ಆಗ ಬಾಬ್ ಟೇಲರನು ಕ್ಯಾಚಾದನೆಂದು ಅಂಪೈರನು ಬೆರಳೆತ್ತಿದನು. ಚೆಂಡು ಬ್ಯಾಟಿಗೆ ತಾಗಿರಲಿಲ್ಲವೆಂದು ವಿಶ್ವನಾಥರಿಗೆ ಮನವರಿಕೆಯಾಗಿ, ಅವರು ಅಂಪೈರನ ಬಳಿ ಹೋಗಿ ಮನವಿಯನ್ನು ಹಿಂತೆಗೆದುಕೊಂಡು ಟೇಲರನನ್ನು ಮರಳಿ ಆಡಿಸಿದರು. ಟೇಲರನು ಬೋಥಮನೊಡನೆ ದೊಡ್ಡ ಜೊತೆಯಾಟವನ್ನಾಡಿದನು. ಭಾರತವು ಆ ಪಂದ್ಯವನ್ನು ಹತ್ತು ವಿಕೆಟ್ಟುಗಳಿಂದ ಸೋತಿತು. ಸೋಲನ್ನು ಈಗ ಲೆಕ್ಕವಿಡುವವರು ಮಾತ್ರ ಬಲ್ಲರು. ಆ ನಡತೆಯನ್ನು ಎಲ್ಲರೂ ಬಲ್ಲರು.

ಈಗ ನಮ್ಮ ಹುಡುಗನ ಪಂದ್ಯದ ರಾತ್ರಿಗೆ ಹಿಂದಿರುಗುವೆವು. ಊಟಕ್ಕೆ ಕುಳಿತಾಗ ನಾವು ಇನ್ನೂ ಆ ತೀರ್ಪುಗಾರನನ್ನು ದೂರುತ್ತಿದ್ದೆವು. ಹುಡುಗನು ತಲೆಯೆತ್ತದೆ ಅನ್ನ ಕಲಸುತ್ತಿದ್ದವನು, ಮೆಲ್ಲನೆ, "ಇಲ್ಲ ದೊಡ್ಡಪ್ಪ. ನನ್ನ ಕೈ ಗೆರೆಗೆ ತಲಪಿರಲಿಲ್ಲ. ನನಗೆ ಆಗಲೇ ಗೊತ್ತಿತ್ತು" ಎಂದನು. "ಹಾಗಾದರೆ ಅಲ್ಲಿಯೇ ಯಾಕೆ ಹೇಳಲಿಲ್ಲವೋ?" ಎಂದೆವು. "ಮೇಷ್ಟರು ಅಷ್ಟು ಕೂಗುತ್ತಿದ್ದರು, ನೀವೂ ಎದ್ದು ಕೂಗುತ್ತಿದ್ದಿರಿ. ಹೇಗೆ ಹೇಳುವುದು?" ಎಂದನು.

ಆ ತುತ್ತು ನಮ್ಮ ಗಂಟಲಿನಲ್ಲಿ ಇಳಿಯಲಿಲ್ಲ. ತೀರ್ಪುಗಾರನಿಗೆ ನಾವು ಮಾಡಿದ ಅಪಚಾರವು ಅವನ ಸ್ಥೈರ್ಯದಿಂದ ಅಲ್ಲಿಗೇ ಕಳೆದುಹೋಯಿತೆಂದು ಇಟ್ಟುಕೊಳ್ಳೋಣ. ನಮ್ಮ ಹುಡುಗನಿಗೆ ನಾವು ಮಾಡಿದುದೇನು? ನಿಜವನ್ನು ಬಲ್ಲವನು ಅವನೊಬ್ಬನೇ. ಅದನ್ನು ಹೇಳಲು ನಾಲಗೆಯೂ ಇತ್ತು, ಬಹುಶಃ ಮನಸ್ಸೂ ಇತ್ತು. ಹಿರಿಯರ ಗದ್ದಲವು ಅವನ ಬಾಯನ್ನು ಕಟ್ಟಿತು. ಅವನು ಹೇಳಿದ್ದರೆ ತನ್ನ ಮೇಷ್ಟರನ್ನೂ ತನ್ನ ಮನೆಯವರನ್ನೂ ಊರೆದುರಿಗೆ ಸುಳ್ಳುಗಾರರನ್ನಾಗಿ ಮಾಡಬೇಕಾಗಿತ್ತು. ಹದಿಮೂರು ವರ್ಷದ ಹುಡುಗನ ಹೆಗಲಿಗೆ ಅಂತಹ ಭಾರವನ್ನು ಹೊರಿಸಲು ನಮಗೇನು ಅಧಿಕಾರವಿತ್ತು?

ಬೇರೆ ನಾಡುಗಳಲ್ಲಿಯೂ ಈ ರೋಗವು ಬಲಿತಿದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ೨೦೨೩ರಲ್ಲಿ, ಊರೂರಿನ ಸಣ್ಣ ಪಂದ್ಯಗಳಲ್ಲಿ ಬೈಗುಳ ತಿನ್ನುವ ರೆಫರಿಗಳ ಎದೆಗೆ ಪುಟ್ಟ ಕ್ಯಾಮರಾ ಕಟ್ಟುವ ಪ್ರಯೋಗವನ್ನು ಆರಂಭಿಸಿತು. ಪೊಲೀಸರಿಗೆ ಬೇಕಾದ ಸಾಧನವು ಆಟದ ಬಯಲಿನ ತೀರ್ಪುಗಾರನಿಗೂ ಬೇಕಾಗಿ ಬಂದಿತೆಂದರೆ ಅದರಲ್ಲಿ ಯಾರಿಗೆ ಗೌರವ? ರಜೆಯ ದಿನ ಅಲ್ಪ ಸಂಭಾವನೆಗೆ, ಕೆಲವೊಮ್ಮೆ ಬರಿಯ ಒಂದು ಲೋಟ ಕಾಫಿಗೆ, ಬಿಸಿಲಿನಲ್ಲಿ ಸೀಟಿ ಹಿಡಿದು ನಿಲ್ಲುವ ತರುಣರು ಒಬ್ಬೊಬ್ಬರಾಗಿ ಮನೆಯಲ್ಲೇ ಉಳಿದರೆ ನಮ್ಮ ಮಕ್ಕಳ ಆಟಗಳು ನಡೆಯುವುದಾದರೂ ಹೇಗೆ? ಆಟಗಾರನಿಲ್ಲದಿದ್ದರೆ ಬದಲಿಯವನು ಬರಬಹುದು. ತೀರ್ಪುಗಾರನಿಲ್ಲದಿದ್ದರೆ ಪಂದ್ಯವೇ ಇಲ್ಲ.

ಆದಕಾರಣ ನಮ್ಮ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟು. ಮಕ್ಕಳ ಆಟಕ್ಕೆ ತಪ್ಪದೆ ಹೋಗಿರಿ. ಚೆನ್ನಾಗಿ ಆಡಿದವರಿಗೆ, ಎದುರಾಳಿಯಾದರೂ ಸರಿಯೆ, ಚಪ್ಪಾಳೆ ತಟ್ಟಿರಿ. ತೀರ್ಪಿನ ವಿಷಯವಾಗಿ ದೂರಿದ್ದರೆ, ಆಟ ಮುಗಿದ ಮೇಲೆ ತಂಡದ ಮೇಷ್ಟರ ಮೂಲಕ ಪಂದ್ಯ ನಡೆಸುವವರಿಗೆ ತಿಳಿಸಿರಿ. ಮೇಷ್ಟರಾದವರು ಅಂಗಣದ ಗೆರೆಯನ್ನು ದಾಟುವ ಮುನ್ನ, ತಮ್ಮ ಹನ್ನೆರಡು ಮಕ್ಕಳ ಇಪ್ಪತ್ತನಾಲ್ಕು ಕಣ್ಣುಗಳು ತಮ್ಮನ್ನೇ ನೋಡುತ್ತಿವೆಯೆಂದು ನೆನೆಯಲಿ. ತೀರ್ಪು ಕೊಡುವವರು ಕಿವಿಯನ್ನು ತೆರೆದಿಟ್ಟು, ಮಾತನ್ನು ಚಿಕ್ಕದಾಗಿಸಿ, ದಂಡನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಪ್ರಯೋಗಿಸಲಿ. ತಪ್ಪಿದಲ್ಲಿ ತಪ್ಪಿದೆನೆಂದು ಹ��ಳುವ ಧೈರ್ಯವನ್ನು ಇಟ್ಟುಕೊಳ್ಳಲಿ. ಮನೆಯೊಳಗಿನ ತೀರ್ಪುಗಾರರಾದ ತಾಯಿತಂದೆಗಳಿಗೂ ಇದೇ ಮಾತು ಸಲ್ಲುತ್ತದೆ.

ಮುಂದಿನ ಭಾನುವಾರ ನಾವು ಹುಡುಗನನ್ನು ಕರೆದುಕೊಂಡು ಆ ತರುಣನಿದ್ದ ಬಯಲಿಗೆ ಹೋದೆವು. ಅವನು ಇನ್ನೊಂದು ಪಂದ್ಯಕ್ಕಾಗಿ ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತಿದ್ದನು. ನಮ್ಮ ತಪ್ಪನ್ನು ಹೇಳಿಕೊಂಡೆವು. ಅವನು ಸಂಕೋಚದಿಂದ, "ಅಯ್ಯೋ, ಪರವಾಗಿಲ್ಲ ಸಾರ್, ಅಭ್ಯಾಸವಾಗಿದೆ" ಎಂದನು. ಅಭ್ಯಾಸವಾಗಿದೆ ಎಂಬ ಆ ಒಂದು ಮಾತು ನಮ್ಮನ್ನು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತು. ಅಷ್ಟರಲ್ಲಿ ನಮ್ಮ ಹುಡುಗನು, ಯಾರೂ ಹೇಳದೆಯೇ, ಸುಣ್ಣದ ಡಬ್ಬಿಯ ಇನ್ನೊಂದು ಕಿವಿಯನ್ನು ಹಿಡಿದುಕೊಂಡು ಅವನೊಡನೆ ನಡುಗೆರೆಯನ್ನು ಎಳೆಯತೊಡಗಿದ್ದನು.